ಬೇಲಿಗೆ ಓತಿಕ್ಯಾತ ಸಾಕ್ಷಿ: ನಗರದ ಸರೀಸೃಪಗಳು ಮತ್ತು ಭಾರಲೋಹ



ಈ ವರ್ಷದ ದತ್ತಿ ಉಪನ್ಯಾಸಕ್ಕೆ ವಿಷಯ ಯಾವುದೆಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದವರು ಫೋನಿನಲ್ಲಿ ಕೇಳಿದಾಗ ‘ಹಲ್ಲಿ ಮತ್ತು ಸೀಸ’ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, ‘ಸರ್, ಆಹ್ವಾನ ಪತ್ರಿಕೆಯಲ್ಲಿ ಒಂಚೂರು ಗಂಭೀರವಾಗಿ ಹಾಕಿಸೋಣವೇ?’ ಎಂದರು. ಹೀಗಾಗಿ ನಿಮ್ಮ ಕೈಯಲ್ಲಿರುವ ಪತ್ರಿಕೆಯಲ್ಲಿ ‘ನಗರವಾಸಿ ಸರೀಸೃಪಗಳು ಹಾಗೂ ಭಾರಲೋಹ ಮಾಲಿನ್ಯ’ ಎಂದು ಅಚ್ಚಾಗಿದೆ. ನಾನು ಮಾತಾಡಲಿರುವುದು ಹಲ್ಲಿ ಮತ್ತು ಸೀಸದ ಬಗ್ಗೆಯೇ. ನಡುವೆ ಒಂದೆರಡು ಹಾವು, ಒಂದು ಮೊಸಳೆ ಬಂದು ಹೋಗುತ್ತವೆ.

ಓತಿ ಎಂದರೆ ಕನ್ನಡದ ಓದುಗರಿಗೆ ನೆನಪಾಗುವುದು ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಆ ಕಾದಂಬರಿಯಲ್ಲಿ ಒಂದು ಹಾರುವ ಓತಿಯ ಬೆನ್ನುಹತ್ತಿ ಒಂದು ತಂಡವೇ ಕಾಡಿಗೆ ಹೊರಡುತ್ತದೆ. ನನ್ನ ಓತಿಗಳು ಅಷ್ಟು ಅಪರೂಪದವಲ್ಲ. ಅವು ಕಾಂಪೌಂಡಿನ ಮೇಲೆ, ಮೋರಿಯ ಪಕ್ಕದಲ್ಲಿ, ಬಣ್ಣ ಸುಲಿದ ಕಿಟಕಿಯ ಚೌಕಟ್ಟಿನಲ್ಲಿ ಇರುತ್ತವೆ. ಅವುಗಳನ್ನು ಹುಡುಕಿಕೊಂಡು ಯಾರೂ ಹೋಗುವುದಿಲ್ಲ. ಹೋಗಬೇಕಿತ್ತು ಎನ್ನುವುದೇ ನನ್ನ ಮಾತು.

ಮೂರು ಸಂಗತಿಗಳನ್ನು ತೆಗೆದುಕೊಳ್ಳುತ್ತೇನೆ. ವಿಷ ತುಂಬಿದ ನಗರದ ಮಣ್ಣಿನಲ್ಲಿ ಒಂದು ಪುಟ್ಟ ಹಲ್ಲಿ ಹೇಗೆ ಬದುಕಿದೆ ಎಂಬುದು ಮೊದಲನೆಯದು. ಲೋಹವನ್ನು ದೇಹ ಹೇಗೆ ಕಟ್ಟಿಹಾಕುತ್ತದೆ, ಹೇಗೆ ಹೊರಹಾಕುತ್ತದೆ ಎಂಬುದು ಎರಡನೆಯದು. ಈ ತಾಳಿಕೆಗೆ ತೆರಬೇಕಾದ ಬೆಲೆ ಏನು ಎಂಬುದು ಮೂರನೆಯದು. ಕೊನೆಗೆ ನಮ್ಮ ಊರಿನ ಬಗ್ಗೆ ಎರಡು ಮಾತು.

ಮೊದಲು ನ್ಯೂ ಆರ್ಲಿಯನ್ಸ್‌ಗೆ ಹೋಗೋಣ. ಅಮೆರಿಕದ ಲೂಸಿಯಾನಾ ರಾಜ್ಯದ ಈ ಹಳೆಯ ಬಂದರು ನಗರದಲ್ಲಿ ಮರದ ಮನೆಗಳು ಹೆಚ್ಚು. ಆ ಮನೆಗಳಿಗೆ ತಲೆಮಾರುಗಳ ಕಾಲ ಬಳಿದದ್ದು ಸೀಸದ ಬಣ್ಣ. ಅಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಂತದ್ದು 1978ರಲ್ಲಿ. ಆದರೆ ಗೋಡೆಯಲ್ಲಿದ್ದ ಬಣ್ಣ ಎಲ್ಲಿಗೆ ಹೋದೀತು? ಬಿಸಿಲಿಗೆ ಬಿರಿದು, ಮಳೆಗೆ ಉದುರಿ, ಮನೆಯ ಬುಡದ ಮಣ್ಣು ಸೇರಿತು.

ಇನ್ನೊಂದು ಮೂಲ ಪೆಟ್ರೋಲು. 1921ರಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲೀ ಎಂಬ ಎಂಜಿನಿಯರು ಪೆಟ್ರೋಲಿಗೆ ಟೆಟ್ರಾಈಥೈಲ್ ಸೀಸ ಬೆರೆಸಿದರೆ ಎಂಜಿನ್ ಬಡಿದುಕೊಳ್ಳುವುದು ನಿಲ್ಲುತ್ತದೆಂದು ಕಂಡುಹಿಡಿದ. 1923ರಲ್ಲಿ ಅದು ಮಾರಾಟಕ್ಕೆ ಬಂತು. ಅದೇ ವರ್ಷದ ಆರಂಭದಲ್ಲಿ ಮಿಜ್ಲೀಗೇ ಸೀಸದ ವಿಷವೇರಿ, ಚೇತರಿಸಿಕೊಳ್ಳಲು ಫ್ಲಾರಿಡಾಕ್ಕೆ ಹೋಗಿದ್ದ. ಅಲ್ಲಿನ ಗಾಳಿ ಕುಡಿದು ಬಂದವನು ಮತ್ತೆ ಅದೇ ಕೆಲಸ ಮುಂದುವರಿಸಿದ. ಅಮೆರಿಕದ ರಸ್ತೆಗಳಲ್ಲಿ ಸೀಸದ ಪೆಟ್ರೋಲು ಪೂರ್ತಿ ನಿಂತದ್ದು 1996ರಲ್ಲಿ. ನಮ್ಮಲ್ಲಿ 2000ದಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ಹೊಗೆಕೊಳವೆಯಿಂದ ಬಂದ ಸೀಸವೂ ಬೀಳಬೇಕಾದದ್ದು ರಸ್ತೆಬದಿಯ ಮಣ್ಣಿಗೇ. ತುಲೇನ್ ವಿಶ್ವವಿದ್ಯಾಲಯದ ಹೋವರ್ಡ್ ಮೀಲ್ಕೆ ದಶಕಗಳ ಕಾಲ ನ್ಯೂ ಆರ್ಲಿಯನ್ಸ್ ನಗರದ ಬೀದಿಬೀದಿಯ ಮಣ್ಣು ಅಳೆದು, ವಾಹನ ದಟ್ಟಣೆಯ ಹಳೆಯ ನಡುನಗರದಲ್ಲಿ ಸೀಸ ಹೆಚ್ಚು, ಹೊರಗೆ ಹೋದಂತೆ ಕಡಿಮೆ ಎಂದು ನಕ್ಷೆ ಬರೆದರು. 2005ರ ಕತ್ರಿನಾ ಚಂಡಮಾರುತದ ಪ್ರವಾಹ ಹೊಸ ಹೂಳು ತಂದು ಹರಡಿದ ಮೇಲೆ ಮಣ್ಣಿನ ಸೀಸವೂ ಮಕ್ಕಳ ರಕ್ತದ ಸೀಸವೂ ಇಳಿದದ್ದನ್ನು ದಾಖಲಿಸಿದವರೂ ಅವರೇ. ಊರು ಮುಳುಗಿಸಿದ ನೀರು ಒಂದಿಷ್ಟು ಉಪಕಾರವನ್ನೂ ಮಾಡಿತ್ತು.

ಈ ಮಣ್ಣಿನ ಮೇಲೆ ಓಡಾಡುವ ಜೀವಿಯೇ ಕಂದು ಅನೋಲ್ ಎಂಬ ಹಲ್ಲಿ. ಅದರ ತವರು ಕ್ಯೂಬಾ ಮತ್ತು ಬಹಾಮಾ ದ್ವೀಪಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಫ್ಲಾರಿಡಾದ ದಕ್ಷಿಣ ತುದಿ ಸೇರಿತ್ತು. ಮಿಜ್ಲೀ ಗಾಳಿ ಬದಲಾವಣೆಗೆ ಹೋಗುವ ಹೊತ್ತಿಗೆ ಅದು ಅಲ್ಲಿನ ಹಳೆಯ ಒಕ್ಕಲು! ಅಲ್ಲಿಂದ ಸರಕು, ಹೂಕುಂಡಗಳ ಜೊತೆ ಹೊಸ ಹೊಸ ಊರು ಸೇರಿಕೊಂಡಿತು. ಮೂತಿಯಿಂದ ಬಾಲದ ಬುಡದವರೆಗೆ ಒಂದು ಬೆರಳಿನಷ್ಟು ಉದ್ದ, ತೂಕ ಕೆಲವೇ ಗ್ರಾಂ. ಗಂಡು ತನ್ನ ಗಂಟಲ ಕೆಳಗಿನ ಕೆಂಪು-ಕಿತ್ತಳೆ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚಿ ಮುಚ್ಚಿ ಮಾಡುತ್ತದೆ. ನಮ್ಮ ಓತಿಕ್ಯಾತ ತಲೆ ಆಡಿಸುವಂತೆಯೇ ಅದೂ ಮೈ ಕುಣಿಸುತ್ತದೆ. ನೆಲದ ಹತ್ತಿರವೇ ಇದ್ದು ಜೇಡ, ಇರುವೆ, ಹುಳುಗಳನ್ನು ಹಿಡಿದು ತಿನ್ನುತ್ತದೆ. ಹುಳುವಿನೊಂದಿಗೆ ಹಿಡಿಯಷ್ಟಲ್ಲದಿದ್ದರೂ ಚಿಟಿಕೆಯಷ್ಟು ಮಣ್ಣೂ ಹೊಟ್ಟೆ ಸೇರುತ್ತದೆ.

ತುಲೇನ್‌ನಲ್ಲೇ ಇರುವ ಅಲೆಕ್ಸ್ ಗಂಡರ್ಸನ್ ಮತ್ತು ಸಂಗಡಿಗರು ಈ ಹಲ್ಲಿಗಳ ರಕ್ತ ಪರೀಕ್ಷಿಸಿ 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಂಕಿ ಹೇಳುವ ಮೊದಲು ಅಳತೆಗೋಲು ತಿಳಿಯಬೇಕು. ರಕ್ತದ ಸೀಸವನ್ನು ಡೆಸಿಲೀಟರಿಗೆ, ಅಂದರೆ 100 ಮಿಲಿಲೀಟರಿಗೆ, ಇಷ್ಟು ಮೈಕ್ರೋಗ್ರಾಂ ಎಂದು ಹೇಳುತ್ತಾರೆ. ದರ್ಶಿನಿಯ ಒಂದು ಕಾಫಿ ಲೋಟದಷ್ಟು ರಕ್ತ ಎಂದುಕೊಳ್ಳಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಿಂದ ಮಕ್ಕಳಿಗೆ ಇಟ್ಟುಕೊಂಡಿರುವ ಎಚ್ಚರಿಕೆಯ ಗೆರೆ 3.5 ಮೈಕ್ರೋಗ್ರಾಂ. ಒಂದು ಅಕ್ಕಿ ಕಾಳನ್ನು ಸುಮಾರು ಆರು ಸಾವಿರ ಚೂರು ಮಾಡಿ, ಅದರಲ್ಲೊಂದು ಚೂರನ್ನು ಆ ಲೋಟಕ್ಕೆ ಹಾಕಿದಷ್ಟು. ಅದನ್ನು ದಾಟಿದರೆ ಮಗುವಿನ ಮನೆಯಲ್ಲಿ ಸೀಸ ಎಲ್ಲಿದೆ ಎಂದು ಹುಡುಕಲು ಹೊರಡಬೇಕು.

ನ್ಯೂ ಆರ್ಲಿಯನ್ಸ್ ಹಲ್ಲಿಗಳ ಸರಾಸರಿ 955. ಒಂದು ಹಲ್ಲಿಯಲ್ಲಿ 3,192.

ಬೆನ್ನೆಲುಬಿರುವ ಯಾವ ಕಾಡುಜೀವಿಯ ರಕ್ತದಲ್ಲೂ ಇಷ್ಟು ಸೀಸ ಅದುವರೆಗೆ ದಾಖಲಾಗಿರಲಿಲ್ಲ. ಇಂಥ ಹಲ್ಲಿ ಸತ್ತುಬಿದ್ದಿರಬೇಕು, ಇಲ್ಲವೇ ತೂರಾಡುತ್ತಿರಬೇಕು. ಸಂಶೋಧಕರು ಮೂರು ಪರೀಕ್ಷೆ ಒಡ್ಡಿದರು: ಸಮತೋಲ, ಓಟದ ವೇಗ, ದಣಿಯದೆ ಎಷ್ಟು ಹೊತ್ತು ಓಡಬಲ್ಲದು. ಮೂರರಲ್ಲೂ ಹಲ್ಲಿಗಳು ಪಾಸು. ಪ್ರಯೋಗಾಲಯದಲ್ಲಿ ಸೀಸ ಇನ್ನಷ್ಟು ಏರಿಸುತ್ತ ಹೋದಾಗ, ಸುಮಾರು 10,000 ಮೈಕ್ರೋಗ್ರಾಂ ಮುಟ್ಟುವವರೆಗೆ ಓಟ ಕುಂದಲಿಲ್ಲ. ಅಂದರೆ ಕಾಫಿ ಲೋಟಕ್ಕೆ ಅರ್ಧ ಅಕ್ಕಿ ಕಾಳು. ಮಿದುಳು ಮತ್ತು ಯಕೃತ್ತಿನ ಜೀನುಗಳ ಚಟುವಟಿಕೆಯಲ್ಲೂ ಭಾರಿ ಏರುಪೇರಿರಲಿಲ್ಲ. ಕಂಡ ಸಣ್ಣ ಬದಲಾವಣೆಗಳು ಎರಡು ಕಡೆ: ಲೋಹದ ಅಯಾನುಗಳನ್ನು ನಿಭಾಯಿಸುವ ಜೀನುಗಳಲ್ಲಿ, ಆಮ್ಲಜನಕ ಸಾಗಿಸುವ ಜೀನುಗಳಲ್ಲಿ.

ಈ ಎರಡು ಕಡೆಯೇ ಏಕೆ? ಇಲ್ಲಿಂದ ಎರಡನೆಯ ವಿಷಯಕ್ಕೆ ಬರುತ್ತೇನೆ.

ಸೀಸ ದೇಹದೊಳಗೆ ಬರುವುದು ವೇಷ ಹಾಕಿಕೊಂಡು. ಅದರ ವೇಷ ಸುಣ್ಣದ್ದು, ಅಂದರೆ ಕ್ಯಾಲ್ಸಿಯಂನದು. ಕ್ಯಾಲ್ಸಿಯಂ ಎಂದು ತಿಳಿದು ಕರುಳು ಅದನ್ನು ಒಳಗೆ ಬಿಡುತ್ತದೆ, ಮೂಳೆ ಅದಕ್ಕೆ ಜಾಗ ಕೊಡುತ್ತದೆ, ನರಗಳು ಅದನ್ನು ಸಂದೇಶವಾಹಕ ಎಂದು ನಂಬಿ ಕೆಡುತ್ತವೆ. ಮನುಷ್ಯನ ರಕ್ತದಲ್ಲಿ ಸೀಸ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಸಾಕು. ಮೂಳೆ ಸೇರಿದ್ದು ದಶಕಗಳ ಕಾಲ ಅಲ್ಲೇ ಬಿಡಾರ ಹೂಡುತ್ತದೆ.

ಇಲ್ಲಿ ಒಂದು ಸ್ವಂತ ನೆನಪು. ನನ್ನ ಚಿಕ್ಕಪ್ಪ ಅಚ್ಚುಮೊಳೆ ಜೋಡಿಸುವ ಕಾಲದ ಕಂಪೋಸಿಟರ್ ಆಗಿದ್ದರು. ಸೀಸದ ಅಕ್ಷರಗಳ ಗೂಡಿನ ಮುಂದೆ ಇಡೀ ದಿನ ನಿಂತು, ಎಡಗೈಯ ಸ್ಟಿಕ್ಕಿನಲ್ಲಿ ಒತ್ತು ದೀರ್ಘಗಳನ್ನು ಕೂರಿಸುತ್ತಿದ್ದರು. ಸಂಜೆ ಬಂದವರ ಬೆರಳ ತುದಿ ಸ್ಲೇಟಿನ ಬಣ್ಣ. ಚಿಕ್ಕಮ್ಮ ಬಚ್ಚಲಿನಲ್ಲಿ ಬೂದಿ ಕೊಟ್ಟು ಕೈ ಉಜ್ಜಿಸಿದ ಮೇಲೇ ಒಳಗೆ ಬಿಡುತ್ತಿದ್ದರು. ಆಮೇಲೆ ಒಂದು ಲೋಟ ಹಾಲು. ‘ಮೊಳೆಯ ನಂಜಿಗೆ ಹಾಲು’ ಎನ್ನುತ್ತಿದ್ದರು. ಹುಡುಗನಾಗಿದ್ದ ನನಗೆ ಆ ಹಾಲಿನ ಮೇಲೆ ಕಣ್ಣು, ನಂಜಿನ ಮೇಲಲ್ಲ. ಮುಂದೆ ಓದುವಾಗ ತಿಳಿಯಿತು: ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಸೀಸ ಒಳಸೇರುವುದು ಕಡಿಮೆ. ಚಿಕ್ಕಮ್ಮನ ವೈದ್ಯ ಪೂರ್ತಿ ಸುಳ್ಳಲ್ಲ. ಆದರೆ ಕೈ ತೊಳೆಸಿದ್ದೇ ಹಾಲಿಗಿಂತ ದೊಡ್ಡ ವೈದ್ಯವಾಗಿತ್ತು.

ಸೀಸದ ಇನ್ನೊಂದು ಚೇಷ್ಟೆ ರಕ್ತ ತಯಾರಾಗುವ ಕಡೆ. ಹಿಮೋಗ್ಲೋಬಿನ್‌ಗೆ ಬೇಕಾದ ಹೀಮ್ ಕಟ್ಟುವ ಕಿಣ್ವಗಳನ್ನು ಅದು ತಡೆಯುತ್ತದೆ. ಆಗ ರಕ್ತಹೀನತೆ, ಆಮ್ಲಜನಕದ ಕೊರತೆ. ನ್ಯೂ ಆರ್ಲಿಯನ್ಸ್ ಹಲ್ಲಿಗಳಲ್ಲಿ ಆಮ್ಲಜನಕ ಸಾಗಣೆಯ ಜೀನುಗಳು ಮಿಸುಕಾಡಿದ್ದನ್ನು ಈ ಬೆಳಕಿನಲ್ಲಿ ನೋಡಿದರೆ, ತೂತು ಬಿದ್ದ ಕಡೆಯೇ ದೇಹ ತೇಪೆ ಹಾಕುತ್ತಿರಬಹುದು ಎನಿಸುತ್ತದೆ.

ಲೋಹವನ್ನು ಕಟ್ಟಿಹಾಕುವ ವ್ಯವಸ್ಥೆ ಹಲ್ಲಿಯೊಂದರ ಸ್ವತ್ತಲ್ಲ. 1957ರಲ್ಲಿ ಕುದುರೆಯ ಮೂತ್ರಪಿಂಡದಲ್ಲಿ ಒಂದು ಪುಟ್ಟ ಪ್ರೋಟೀನು ಸಿಕ್ಕಿತು. ಮೈತುಂಬ ಗಂಧಕದ ಕೊಕ್ಕೆಗಳಿದ್ದ ಅದಕ್ಕೆ ಮೆಟಲೋಥಯೊನೀನ್ ಎಂದು ಹೆಸರಾಯಿತು. ಸತು, ತಾಮ್ರಗಳ ಲೆಕ್ಕ ಇಡುವುದು ಅದರ ದಿನಗೆಲಸ. ಕ್ಯಾಡ್ಮಿಯಂ ಬಂದರೆ ಅದೇ ಕೊಕ್ಕೆಗೆ ಸಿಕ್ಕಿಸಿ ಕೂಡಿಹಾಕುತ್ತದೆ. ಸರೀಸೃಪಗಳಲ್ಲೂ ಇದಿದೆ, ಮನುಷ್ಯರಲ್ಲೂ ಇದೆ. ಸರೀಸೃಪಗಳಿಗೆ ಇನ್ನೊಂದು ಅನುಕೂಲ: ಮೈ ಬಿಸಿ ಇಟ್ಟುಕೊಳ್ಳಲು ಅವು ಒಳಗೆ ಒಲೆ ಉರಿಸುವುದಿಲ್ಲ, ಬಿಸಿಲು ಕಾಯುತ್ತವೆ. ಅದಕ್ಕೇ ಅದೇ ತೂಕದ ಇಲಿಗಿಂತ ಬಹಳ ಕಡಿಮೆ ತಿನ್ನುತ್ತವೆ. ಕಡಿಮೆ ಊಟ ಎಂದರೆ ಊಟದ ಜೊತೆ ಬರುವ ವಿಷವೂ ಕಡಿಮೆ. ಒಳಗೆ ಬಂದದ್ದು ಹೊರಹೋಗುವುದೂ ಅಷ್ಟೇ ನಿಧಾನ ಎಂಬುದು ನಾಣ್ಯದ ಹಿಂಬದಿ.

ಕಟ್ಟಿಹಾಕುವ ಮಾತಾಯಿತು. ಹೊರಹಾಕುವ ದಾರಿಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಪೊರೆ. ಅದಕ್ಕಾಗಿ ನಿಮ್ಮನ್ನು ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪಕ್ಕೆ ಕರೆದೊಯ್ಯಬೇಕು. ಅದು ನಿಕ್ಕಲ್ ಅದಿರಿನ ನಾಡು. ರಾಜಧಾನಿ ನೂಮೆಯಾದಲ್ಲಿ 1910ರಿಂದ ನಿಕ್ಕಲ್ ಕರಗಿಸುವ ಕಾರ್ಖಾನೆ ಇದೆ. ನಗರದ ಕೊಲ್ಲಿಗಳಲ್ಲಿ ಆಮೆಯಂಥ ಮೂತಿಯ ಒಂದು ಕಡಲಹಾವಿದೆ. ಅದು ಯಾರನ್ನೂ ಕಚ್ಚುವ ಗೋಜಿಗೆ ಹೋಗುವುದಿಲ್ಲ. ಹವಳದ ಸಂದಿಯಲ್ಲಿ ಮೀನುಗಳು ಇಟ್ಟ ಮೊಟ್ಟೆ ಕೆರೆದು ತಿನ್ನುವುದಷ್ಟೇ ಅದರ ಕಸುಬು. ದೂರದ, ಜನವಸತಿಯಿಲ್ಲದ ಹವಳ ದಿಬ್ಬಗಳಲ್ಲಿ ಈ ಹಾವಿಗೆ ಕಪ್ಪು-ಬಿಳಿ ಪಟ್ಟೆ. ನಗರದ ಕೊಲ್ಲಿಗಳಲ್ಲಿ ಮೈಯೆಲ್ಲ ಕಪ್ಪು.

ಕ್ಲೇರ್ ಗೋಯ್ರಾನ್, ಪಾಕೋ ಬುಸ್ತಮಾಂತೆ, ರಿಚರ್ಡ್ ಶೈನ್ 2017ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಕಪ್ಪು ಬಣ್ಣ ಕೊಡುವ ಮೆಲನಿನ್ ಲೋಹಗಳನ್ನು ಅಂಟಿಸಿಕೊಳ್ಳುತ್ತದೆ. ನಗರದ ಹಾವುಗಳ ಪೊರೆಯಲ್ಲಿ ಸತು, ನಿಕ್ಕಲ್, ಸೀಸದಂಥವು ಹೆಚ್ಚಿದ್ದವು. ಪಟ್ಟೆಯಿರುವ ಇನ್ನೊಂದು ಬಗೆಯ ಕಡಲಹಾವಿನ ಪೊರೆ ತಂದು ನೋಡಿದರೆ, ಒಂದೇ ಪೊರೆಯ ಬಿಳಿ ಭಾಗಕ್ಕಿಂತ ಕಪ್ಪು ಭಾಗದಲ್ಲಿ ಹೆಚ್ಚು. ಇದರ ಜೊತೆಗೆ ಶೈನ್ ತಂಡ ಮೊದಲೇ ಕಂಡಿದ್ದ ಒಂದು ಸಂಗತಿ: ಕಪ್ಪು ಹಾವಿನ ಮೈಮೇಲೆ ಪಾಚಿ ಬೇಗ ಬೆಳೆಯುತ್ತದೆ, ಪಾಚಿ ಕಟ್ಟಿದ ಹಾವು ಈಜುವುದು ನಿಧಾನ, ಆದ್ದರಿಂದ ಅದು ಪದೇಪದೇ ಪೊರೆ ಬಿಡುತ್ತದೆ. ಬಿಟ್ಟ ಪ್ರತಿ ಪೊರೆಯ ಜೊತೆ ಒಂದಿಷ್ಟು ಲೋಹವೂ ಹೋಯಿತು. ಬ್ರಿಟನ್ನಿನ ಹೊಗೆಯೂರುಗಳಲ್ಲಿ ಕಪ್ಪಾದ ಪತಂಗದ ಕಥೆ ನಿಮ್ಮ ಪಠ್ಯದಲ್ಲಿದೆ. ಪತಂಗ ಕಪ್ಪಾದದ್ದು ಹಕ್ಕಿಗಳ ಕಣ್ಣು ತಪ್ಪಿಸಲು. ಈ ಹಾವಿಗೆ ಕಪ್ಪು ಬಟ್ಟೆ ಕೊಳೆ ಕಳೆಯುವ ಉಪಾಯ. ಇದು ಇನ್ನೂ ಊಹೆಯ ಮಟ್ಟದ ವಿವರಣೆ, ಚೆಂದದ ಊಹೆ. ಪರೀಕ್ಷೆಯಲ್ಲಿ ಇದನ್ನು ಸಿದ್ಧಾಂತವೆಂದು ಬರೆದು ಬಂದು ನನ್ನ ಹೆಸರು ಹೇಳಬೇಡಿ.

ಹಾವು ಪೊರೆ ಬಿಟ್ಟು ಮುಂದೆ ಹೋಗುತ್ತದೆ. ಮನೆಯ ಹಲ್ಲಿ ಹಾಗಲ್ಲ. ಟ್ಯೂಬ್‌ಲೈಟಿನ ಹಿಂದೆ ಬಿಳಿಚಿಕೊಂಡ ಹಲ್ಲಿಯೊಂದು ಕಾಲಿನ ಪೊರೆಯನ್ನು ಕೈಗವಸಿನಂತೆ ಬಾಯಿಂದ ಎಳೆದು ಕಳಚುವುದನ್ನು ಒಮ್ಮೆ ನಿಂತು ನೋಡಿ. ಕಳಚಿದ್ದನ್ನು ಅದು ಬಿಸಾಡುವುದಿಲ್ಲ, ನುಂಗುತ್ತದೆ. ಪೊರೆಯಲ್ಲಿದ್ದ ಪೋಷಕಾಂಶವೂ ವಾಪಸು, ಲೋಹವೂ ವಾಪಸು. ಒಂದು ಜೀವಿಯ ಉಪಾಯ ಇನ್ನೊಂದಕ್ಕೆ ಒದಗದು.

ಇನ್ನು ಮೂರನೆಯದು, ಬೆಲೆ. ‘ಹಲ್ಲಿಗಳೇ ಓಡಾಡಿಕೊಂಡಿವೆಯಲ್ಲ, ಇಷ್ಟಕ್ಕೇಕೆ ಗಾಬರಿ?’ ಎನ್ನುವವರು ಇದ್ದೇ ಇರುತ್ತಾರೆ. ಅವರಿಗಾಗಿ ಮೊಸಳೆಯನ್ನು ಕರೆಯುತ್ತೇನೆ. ದಕ್ಷಿಣ ಆಫ್ರಿಕದ ಸೇಂಟ್ ಲೂಸಿಯಾ ಅಳಿವೆಯಲ್ಲಿ ಗಾಳ ಹಾಕುವ ಪ್ರವಾಸಿಗಳು ದಶಕಗಳಿಂದ ಬರುತ್ತಾರೆ. ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳು ಹರಿದು ತಳ ಸೇರುತ್ತವೆ. ಮೊಸಳೆಗಳಿಗೆ ಕಲ್ಲು ನುಂಗುವ ಅಭ್ಯಾಸ, ಗುಂಡೂ ಹೊಟ್ಟೆಗೆ ಹೋಯಿತು. ಮೊಸಳೆಯ ಜಠರದ ಆಮ್ಲ ಎಲುಬನ್ನೇ ಕರಗಿಸುವಂಥದ್ದು, ಸೀಸವನ್ನು ಬಿಟ್ಟೀತೆ? ಹಲ್ಲಿಗಳಿಗಿಂತ ಮೊದಲು ರಕ್ತದ ಸೀಸದಲ್ಲಿ ದಾಖಲೆ ಇದ್ದದ್ದು ಈ ಮೊಸಳೆಗಳದೇ, 1,300 ಮೈಕ್ರೋಗ್ರಾಂ ದಾಟಿತ್ತು. ಅವೂ ಈಜಾಡುತ್ತಿದ್ದವು, ಮೇಲಿಂದ ನೋಡಿದವರಿಗೆ ಗಟ್ಟಿಮುಟ್ಟಾಗಿಯೇ ಕಾಣುತ್ತಿದ್ದವು. ಹಿಡಿದು ನೋಡಿದಾಗ ಸೀಸ ತೀರ ಹೆಚ್ಚಿದ್ದವುಗಳಲ್ಲಿ ರಕ್ತಹೀನತೆ ಇತ್ತು, ಹಲ್ಲುಗಳು ಸವೆದು ಉದುರಿದ್ದವು. ಮೊಸಳೆ ದಶಕಗಳ ಕಾಲ ಬದುಕುವ ಪ್ರಾಣಿ. ಅನೋಲ್ ಬದುಕುವುದು ಒಂದೆರಡು ವರ್ಷ. ಹಲ್ಲಿ ತಾಳಿತು ಎನ್ನುವುದರಲ್ಲಿ ಒಂದು ಪಾಲು, ಸಾಲ ವಸೂಲಿಗೆ ಬರುವ ಮೊದಲೇ ಅದು ಮನೆ ಖಾಲಿ ಮಾಡಿರುತ್ತದೆ ಎಂಬುದೂ ಇರಬಹುದು.

ಬೆಲೆ ಎಲ್ಲಿ ಅಡಗಿರುತ್ತದೆ ಎಂದು ತೋರಿಸಿದ್ದು 1999ರ ಒಂದು ಅಧ್ಯಯನ. ದಕ್ಷಿಣ ಕ್ಯಾರೊಲಿನಾದ ಕಲ್ಲಿದ್ದಲು ವಿದ್ಯುತ್ ಸ್ಥಾವರವೊಂದರ ಬೂದಿ ಹೊಂಡಗಳಲ್ಲಿದ್ದ ನೀರುಹಾವುಗಳನ್ನು ವಿಲಿಯಂ ಹಾಪ್ಕಿನ್ಸ್ ಮತ್ತು ಜೊತೆಗಾರರು ನೋಡಿದರು. ಹೊಂಡದ ಕಪ್ಪೆ, ಮೀನು ತಿಂದ ಹಾವುಗಳ ಮೈಯಲ್ಲಿ ಆರ್ಸೆನಿಕ್, ಸೆಲೆನಿಯಂ, ಕ್ಯಾಡ್ಮಿಯಂ ತುಂಬಿದ್ದವು. ಹಾವುಗಳು ಸಾಯಲಿಲ್ಲ. ಆದರೆ ಸುಮ್ಮನೆ ಸುರುಳಿ ಸುತ್ತಿ ಮಲಗಿದಾಗಲೂ ಶುದ್ಧ ನೀರಿನ ಹಾವುಗಳಿಗಿಂತ ಹೆಚ್ಚು ಶಕ್ತಿ ಖರ್ಚು ಮಾಡುತ್ತಿದ್ದವು. ಒಳಗಿನ ವಿಷ ಸಂಭಾಳಿಸುವುದಕ್ಕೇ ದುಡಿಮೆಯ ಒಂದು ಪಾಲು ಹೋದರೆ ಬೆಳೆಯಲು, ಬೇಟೆಯಾಡಲು, ಮರಿಹಾಕಲು ಉಳಿಯುವುದೆಷ್ಟು? ಅಸಲು ಹಾಗೇ ಇದ್ದು ಬಡ್ಡಿ ಕಟ್ಟುತ್ತ ಬದುಕುವ ರೈತನ ಸ್ಥಿತಿ ಅದು.

ಇನ್ನೊಂದು ವಿಚಾರ. ಸೀಸ ತಾಳುವ ಹಲ್ಲಿಯನ್ನು ತಿನ್ನುವವರು ಸೀಸ ತಾಳುವವರೇ ಆಗಿರಬೇಕಿಲ್ಲ. ಬೇಗ ಸಾಯುವ ಜೀವಿ ವಿಷವನ್ನು ತನ್ನಲ್ಲೇ ಮುಗಿಸುತ್ತದೆ. ಚುರುಕಾಗಿ ಓಡಾಡುವ ಜೀವಿ ಅದನ್ನು ಹಕ್ಕಿಗೆ, ಬೆಕ್ಕಿಗೆ, ಹಾವಿಗೆ ದಾಟಿಸುತ್ತದೆ. ಹಲ್ಲಿಯ ಶಕ್ತಿ ಎಂದು ನಾವು ಹೊಗಳುವುದು ಗಿಡುಗದ ಪಾಲಿಗೆ ದುರದೃಷ್ಟವಾಗಬಲ್ಲದು.

ಈಗ ನಮ್ಮ ಊರಿಗೆ ಬರೋಣ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮರಿಯಾ ಠಾಕರ್ ಅವರ ತಂಡ ಬೆಂಗಳೂರು ಸುತ್ತಲಿನ ಬಂಡೆ ಓತಿಗಳನ್ನು ವರ್ಷಗಳಿಂದ ಗಮನಿಸುತ್ತಿದೆ. ಬಣ್ಣ ಬದಲಿಸಿ ಹೆಣ್ಣನ್ನು ಕರೆಯುವ ಗಂಡು ಓತಿಗಳು ಊರಂಚಿನಲ್ಲಿ ಮಂಕಾಗುತ್ತವೆ, ಅಪಾಯ ತಪ್ಪಿಸಿಕೊಳ್ಳುವುದನ್ನು ಮಾತ್ರ ಹಳ್ಳಿಯವಕ್ಕಿಂತ ಬೇಗ ಕಲಿಯುತ್ತವೆ ಎಂದು ಅವರು ತೋರಿಸಿದ್ದಾರೆ. ಆ ಅಧ್ಯಯನಗಳು ಲೋಹದ ಬಗ್ಗೆ ಅಲ್ಲ. ನಗರದ ಒಂದು ಓತಿಯ ಮೇಲೆ ಒಟ್ಟೊಟ್ಟಿಗೆ ಎಷ್ಟು ಒತ್ತಡ ಬೀಳುತ್ತದೆ ಎಂಬುದಕ್ಕೆ ಹೇಳಿದೆ. ಲೋಹವಂತೂ ನಮ್ಮಲ್ಲಿ ಇದೆ. ವೃಷಭಾವತಿಯ ನೀರು ಬೈರಮಂಗಲ ಕೆರೆಗೆ ಹೋಗಿ, ಅಲ್ಲಿಂದ ಸೊಪ್ಪಿನ ಮಡಿಗೂ ಹರಿಯುತ್ತದೆ. ಆ ಕೆಸರಿನಲ್ಲಿ, ಸೊಪ್ಪಿನಲ್ಲಿ ಲೋಹ ಕಂಡ ಅಧ್ಯಯನಗಳು ಹಲವು. ಕರೆಂಟು ಹೋದಾಗ ನಮಗೆ ಬೆಳಕು ಕೊಡುವ ಯುಪಿಎಸ್ ಬ್ಯಾಟರಿಯೊಳಗೆ ಕಿಲೋಗಟ್ಟಲೆ ಸೀಸವಿದೆ. ಹಳತಾದದ್ದು ಗುಜರಿಯವನ ಕೈಸೇರಿ, ಊರ ಹೊರಗಿನ ಶೆಡ್ಡಿನಲ್ಲಿ ಒಡೆದು ಕರಗಿದರೆ ಸುತ್ತಲ ಮಣ್ಣಿಗೆ ಹೊಸ ಒಕ್ಕಲು ಬಂದಂತೆ.

‘ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ’ ಎಂದು ನಮ್ಮ ಹಿರಿಯರು ಗೇಲಿ ಮಾಡಿದರು. ನ್ಯೂ ಆರ್ಲಿಯನ್ಸ್ ಆ ಗಾದೆಯನ್ನು ತಿರುಗಿಸಿದೆ: ಅಲ್ಲಿ ಬೇಲಿಗೇ ಓತಿಕ್ಯಾತ ಸಾಕ್ಷಿ. ಬಣ್ಣ ನಿಂತು ನಲವತ್ತೇಳು ವರ್ಷ, ಪೆಟ್ರೋಲು ನಿಂತು ಇಪ್ಪತ್ತೊಂಬತ್ತು ವರ್ಷ ಕಳೆದ ಮೇಲೂ ನೆಲ ಮರೆತಿಲ್ಲ ಎಂದು ಸಾಕ್ಷಿ ಹೇಳಿದ್ದು ಕೆಲವೇ ಗ್ರಾಂ ತೂಕದ ಒಂದು ಹಲ್ಲಿ. ಅದು 955ರಲ್ಲಿ ಓಡುತ್ತದೆ. ಅದೇ ಅಂಗಳದಲ್ಲಿ ಮಣ್ಣಾಡುವ ಮಗುವಿಗೆ 3.5 ದಾಟಬಾರದು.

ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ: ಓತಿಗಳನ್ನು ಹಿಡಿಯಬೇಡಿ, ಅವುಗಳ ಕಾಲ ಕೆಳಗಿನ ಮಣ್ಣು ಪರೀಕ್ಷಿಸಿ. ಕಾಂಪೌಂಡಿನ ಬುಡ, ರಸ್ತೆಯಂಚು, ಹಳೆಯ ಹಾಸ್ಟೆಲಿನ ಕಿಟಕಿಯ ಕೆಳಗೆ ಒಂದೊಂದು ಹಿಡಿ ಸಾಕು. ಆಡಳಿತ ಮಂಡಳಿಯವರಲ್ಲಿ ಇನ್ನೊಂದು. ಮನೆ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಈ ಸಭಾಂಗಣದ ಕಿಟಕಿಗಳ ಬಣ್ಣ ಅದಕ್ಕಿಂತ ಬಹಳ ಹಳೆಯದು. ಬೇಸಿಗೆ ರಜೆಯಲ್ಲಿ ಹೊಸ ಬಣ್ಣ ಹೊಡೆಸುವಾಗ ಹಳೆಯದನ್ನು ಒಣಗಿದ್ದಾಗ ಉಜ್ಜಿಸಬೇಡಿ. ನೀರು ಚಿಮುಕಿಸಿ ಕೆರೆಸಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿಸಿ, ಉದುರಿದ್ದನ್ನು ಕಟ್ಟಿ ತೆಗೆಸಿ. ಕೆಲಸದವರಿಗೆ ಮಾಸ್ಕ್ ಕೊಡಿಸಿ, ಕೈ ತೊಳೆಯಲು ಸೋಪು ಇಡಿಸಿ.